ಜಾಥಾದಲ್ಲಿ ಹಿಂದುಳಿದ ಅವ್ವ

1984ರ ಬೇಸಿಗೆಯಲ್ಲಿ ನಮ್ಮೂರಿಂದ ತಾಲ್ಲೂಕು ಕಚೇರಿಗೆ ಒಂದು ಜಾಥಾ ಹೊರಟಿತ್ತು. ಬಗರ್‌ಹುಕುಂ ಜಮೀನಿನ ವಿಚಾರ. ಹದಿನಾಲ್ಕು ಮೈಲಿ ದಾರಿ. ತಮಟೆಯವರು ಮುಂದೆ, ಅವರ ಹಿಂದೆ ನೀಲಿ ಬಾವುಟ, ಆಮೇಲೆ ಕೇರಿಯ ಹೆಂಗಸರು, ಗಂಡಸರು, ಮಕ್ಕಳು. ನಾವು ಅಣ್ಣತಮ್ಮಂದಿರಿಬ್ಬರು ಹಾಸ್ಟೆಲಿನಿಂದ ರಜಕ್ಕೆ ಬಂದವರು, ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದವರು. ನಮ್ಮವ್ವ ಮಾತ್ರ ಹಿಂದೆ ಹಿಂದೆ ಉಳೀತಿದ್ದಳು. ಎರಡು ಫರ್ಲಾಂಗಿಗೊಂದು ಸಲ ಹೊಂಗೆಮರದ ನೆಳ್ಳಲ್ಲಿ ನಿಂತುಬಿಡೋಳು. ನಾವು ಓಡಿಹೋಗಿ, "ಅದೇನವ್ವ ನೀನು, ನಿನ್ ಮಕ್ಕಳೇ ಮುಂದೆ ನಿಂತು ಕೂಗ್ತಾವ್ರೆ, ನೀನು ಹಿಂಗೆ ಹಿಂದುಳಿದ್ರೆ ನಮ್ ಮಾನ ಉಳೀತದಾ? ಬಿರ್‌ಬಿರ್ರನೆ ಬಾ" ಅಂತ ಗದರಿದ್ವಿ. ಅವ್ವ ಎದುರು ಮಾತಾಡಲಿಲ್ಲ. "ನೀವ್ ನಡೀರಪ್ಪ, ನಾನ್ ಬತ್ತೀನಿ" ಅಂದಳು. ಬಂದಳು ಕೂಡ. ತಾಲ್ಲೂಕು ಕಚೇರಿ ಮುಂದೆ ಎಲ್ಲರೂ ನೆಲದ ಮೇಲೆ ಕೂತಾಗ ಅವಳೊಬ್ಬಳೇ ಗೋಡೆಗೆ ಒರಗಿ ನಿಂತಿದ್ದಳು.

ಅವ್ವ ಯಾಕೆ ಹಿಂದುಳಿದಳು ಅನ್ನೋದು ನಮಗೆ ಗೊತ್ತಾಗೋಕೆ ಇಪ್ಪತ್ತೇಳು ವರ್ಷ ಬೇಕಾಯಿತು.

ಗೆಳೆಯರೇ, ಹಸಿವನ್ನು ಬರೆಯೋದು ನಮಗೆ ಗೊತ್ತು. ಬಾವಿಯ ನೀರಿಗೆ, ಗುಡಿಯ ಬಾಗಿಲಿಗೆ, ಗೌಡನ ಚಾವಟಿಗೆ ನಮ್ಮ ಹತ್ತಿರ ಮಾತುಗಳಿವೆ. ಅವ್ವನ ಸೀರೆಯೊಳಗಿನ ನೋವಿಗೆ, ಅಪ್ಪನ ನಡುಗುವ ಕೈಗೆ, ನಮ್ಮದೇ ತಲೆಯೊಳಗೆ ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಭಯಕ್ಕೆ ಮಾತು ಹುಡುಕಲಿಲ್ಲ. ಅವ್ವ ಈಗಿಲ್ಲ. ಇದ್ದಾಗಲೇ ಕೇಳಿದ್ವಿ, "ಬರೀಬೋದೇನವ್ವ?" ಅಂತ. "ಬರ್ಕೊಳ್ಳಿ. ಇನ್ನೊಬ್ಬಳು ನನ್ನಂಗೆ ಮುಚ್ಚಿಟ್ಕೊಳ್ಳೋದು ಬ್ಯಾಡ" ಅಂದಿದ್ದಳು. ಆ ಅಪ್ಪಣೆಯ ಮೇಲೆ ಬರೆಯುತ್ತಿದ್ದೇವೆ.

*

ನಮ್ಮಲ್ಲಿ ಕಿರಿಯವನು ಹುಟ್ಟಿದ್ದು 1970ರಲ್ಲಿ. ಹೆರಿಗೆಗೆ ಎರಡು ಹಗಲು, ಎರಡು ರಾತ್ರಿ ಹಿಡಿಯಿತಂತೆ. ಹನ್ನೊಂದನೇ ದಿನಕ್ಕೆ ಅವ್ವ ಗೌಡರ ಗದ್ದೆಯ ನಾಟಿಗೆ ಇಳಿದಿದ್ದಳು. ಅಪ್ಪ ಜೀತಕ್ಕಿದ್ದ ಮನೆ. ಬರೋದಿಲ್ಲ ಅನ್ನೋ ಮಾತು ಅಲ್ಲಿರಲಿಲ್ಲ. ಮೊಣಕಾಲುದ್ದದ ಕೆಸರು, ಬಗ್ಗಿದ ಸೊಂಟ, ತಲೆಯ ಮೇಲೆ ಪೈರಿನ ಕಂತೆ. ಆ ತಿಂಗಳಲ್ಲೇ ಅವ್ವನ ಗರ್ಭ ಜಾರಿತು. ಒಳಗಿರಬೇಕಾದ ಮೈ ಹೊರಗೆ ಬಂತು. ಅವ್ವ ಹಳೇ ಸೀರೆಯ ಬಟ್ಟೆಯನ್ನು ಉಂಡೆ ಮಾಡಿ ಒತ್ತಿಟ್ಟು, ಮೇಲೊಂದು ಬಟ್ಟೆ ಬಿಗಿದು ಕಟ್ಟಿಕೊಂಡಳು. ಹಾಗೆ ಕಟ್ಟಿಕೊಂಡೇ ನಾಟಿ ಮಾಡಿದಳು, ಕಳೆ ಕಿತ್ತಳು, ಸೌದೆ ಹೊತ್ತಳು, ನಮ್ಮನ್ನು ಓದಿಸಿದಳು. ಹಾಗೆ ಕಟ್ಟಿಕೊಂಡೇ ನಮ್ಮ ಜಾಥಾಕ್ಕೂ ಬಂದಳು. ಕೂತರೆ ನೋವು, ಕೆಮ್ಮಿದರೆ ಉಚ್ಚೆ ಜಾರೋದು, ಬಟ್ಟೆ ಉಜ್ಜಿ ಹುಣ್ಣು. ಅಪ್ಪನಿಗೂ ಹೇಳಿರಲಿಲ್ಲ. "ಹೇಳಿದ್ರೆ ಇನ್ನೊಬ್ಬಳನ್ನ ಕಟ್ಕೊಂಡ್ರೆ ನಿಮ್ ಗತಿ?" ಅಂತ ಆಮೇಲೆ ನಮ್ಮನ್ನೇ ಕೇಳಿದಳು.

2011ರಲ್ಲಿ ಇದನ್ನು ಕಂಡುಹಿಡಿದದ್ದು ಅಕ್ಕನ ಮಗಳು. ಆಗಷ್ಟೇ ಆಶಾ ಕಾರ್ಯಕರ್ತೆಯಾಗಿ ಸೇರಿದ್ದಳು. ಮನೆಮನೆಗೆ ಹೋಗಿ ಹೆಂಗಸರನ್ನು ವಿಚಾರಿಸುವುದು ಅವಳ ಕೆಲಸ. "ಎಲ್ಲಾರ ಮನೆ ಅಜ್ಜೀರನ್ನೂ ಕೇಳಿದ್ದೀನಿ, ನಿನ್ನೂ ಕೇಳ್ಬೇಕಲ್ಲ ಅಜ್ಜಿ" ಅಂತ ಕೂತಳು. ನಾವು ಎಂ.ಎ. ಓದಿದವರು ಕೇಳದೇ ಇದ್ದದ್ದನ್ನು ಎಸ್ಸೆಸ್ಸೆಲ್ಸಿ ಓದಿದ ಹುಡುಗಿ ಕೇಳಿದಳು. ಆಸ್ಪತ್ರೆಯ ಲೇಡಿ ಡಾಕ್ಟರು ನೋಡಿ, ಸಕ್ಕರೆ ಕಾಯಿಲೆ, ಬೀಪಿ ಎರಡೂ ಇರೋದರಿಂದ ತಕ್ಷಣ ಆಪರೇಷನ್ ಬೇಡ ಅಂದರು. ಬಳೆಯಂಥ ಒಂದು ಉಂಗುರವನ್ನು ಒಳಗೆ ಕೂರಿಸಿದರು. ಕೆಲವು ತಿಂಗಳಿಗೊಮ್ಮೆ ತೆಗೆದು, ತೊಳೆದು, ಮತ್ತೆ ಹಾಕಿಸಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸ. ಬಸ್‌ಸ್ಟಾಂಡಿನವರೆಗೆ ನಡೆದುಬಂದ ಅವ್ವ ಕಟ್ಟೆಯ ಮೇಲೆ ಕೂತು, "ನಲವತ್ತೊಂದು ವರ್ಷ ಕಣ್ರಪ್ಪಾ" ಅಂದಳು. ಅಷ್ಟೇ ಅಂದದ್ದು.

ಇದು ನಮ್ಮವ್ವನೊಬ್ಬಳ ಕತೆ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಅನ್ನೋ ಡಾಕ್ಟರ ದಂಪತಿ ಎರಡು ಹಳ್ಳಿಗಳ ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ಪ್ರಕಟಿಸಿದರು. 100ಕ್ಕೆ 92 ಹೆಂಗಸರಿಗೆ ಗರ್ಭಕೋಶ, ಜನನಾಂಗಕ್ಕೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇತ್ತು. ಅದಕ್ಕೆ ಮುಂಚೆ ಯಾವತ್ತಾದರೂ ಆ ಪರೀಕ್ಷೆ ಮಾಡಿಸಿಕೊಂಡಿದ್ದವರು 100ಕ್ಕೆ 8 ಮಂದಿ ಮಾತ್ರ. ಉಳಿದವರೆಲ್ಲ ಬಟ್ಟೆ ಬಿಗಿದು ಕಟ್ಟಿಕೊಂಡು ಗದ್ದೆಗೆ ಇಳಿದವರೇ.

ರಕ್ತದ ಲೆಕ್ಕವೂ ಹೀಗೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 25. ಒಂದೇ ಮನೆ, ಒಂದೇ ಮಡಕೆ, ಆದರೂ ಈ ಅಂತರ. ಎಲ್ಲರಿಗೂ ಬಡಿಸಿ ಕಡೆಗೆ ತಳ ಕೆರೆದು ಉಂಡವರು ಯಾರು ಅಂತ ನಮಗೇ ಗೊತ್ತಿದೆ. ಗೌಡರ ಮನೆ ಪಂಕ್ತಿಭೇದವನ್ನು ಬೈದ ನಾವು ನಮ್ಮ ಗುಡಿಸಲಿನ ಪಂಕ್ತಿಯನ್ನು ನೋಡಲಿಲ್ಲ.

ಆಪರೇಷನ್ ವಿಚಾರ ಬಂದಾಗಲೂ ಹಾಗೇ. ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು. ಅದರಲ್ಲಿ ಬಹುಪಾಲು ಗಂಡಸರಿಗೆ. ಜೀಪಿನ ಸದ್ದು ಕೇಳಿದರೆ ಅಪ್ಪ ಕಬ್ಬಿನ ಗದ್ದೆಗೆ ಓಡ್ತಿದ್ದ. ಬಡವರನ್ನೇ ಗುರಿಮಾಡಿ ಹಿಡಿದ ಆ ದೌರ್ಜನ್ಯವನ್ನು ಯಾರೂ ಮರೆತಿಲ್ಲ. ಆದರೆ ಆಮೇಲೆ ಏನಾಯಿತು? ಗಂಡಸರಿಗೆ ಹೆದರಿದ ಸರ್ಕಾರ ಹೆಂಗಸರ ಕಡೆ ತಿರುಗಿತು. ಗಂಡಸರೂ ಹಾಯಾಗಿ ಕೈ ತೊಳಕೊಂಡರು. 2019–21ರ ಅದೇ ಸಮೀಕ್ಷೆಯ ಪ್ರಕಾರ ಮದುವೆಯಾದ 100 ಹೆಂಗಸರಲ್ಲಿ ಸುಮಾರು 38 ಮಂದಿ ತಾವೇ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡವರು 100ಕ್ಕೆ ಒಬ್ಬರೂ ಇಲ್ಲ. ಗಂಡಸರದು ಸಣ್ಣ ಆಪರೇಷನ್, ಹೊಟ್ಟೆ ಕೊಯ್ಯೋ ಹಾಗಿಲ್ಲ, ಎರಡು ದಿನದಲ್ಲಿ ಓಡಾಡಬಹುದು ಅಂತ ಗೊತ್ತಿದ್ದೂ ಈ ಲೆಕ್ಕ.

*

ಇನ್ನು ಅಕ್ಕನ ಮಾತು. 1986ರಲ್ಲಿ ಅವಳ ಚೊಚ್ಚಲ ಬಾಣಂತನ. ಆರನೇ ದಿನದಿಂದ ನಿದ್ದೆ ಹೋಯಿತು. ರಾತ್ರಿಯೆಲ್ಲ ಸೋಬಾನೆ ಹಾಡೋಳು, ಇದ್ದಕ್ಕಿದ್ದಂಗೆ ಅಳೋಳು. "ಈ ಕೂಸು ನಂದಲ್ಲ, ಬದಲಾಯಿಸ್ಬುಟ್ಟವ್ರೆ" ಅಂದಳು. ಒಂದು ಬೆಳಗಿನ ಜಾವ ಬಾವಿ ಕಡೆಗೆ ಓಡಿದಳು. ಕೇರಿಯಲ್ಲಿ ಹಿರಿಯ ಹೆಂಗಸರು "ಬಾಣಂತಿ ಸನ್ನಿ" ಅಂದರು. ಗಂಡಸರು "ದೆವ್ವ" ಅಂದರು. ಗಂಡಸರ ಮಾತೇ ನಡೆಯಿತು. ದೆವ್ವ ಬಿಡಿಸುವ ಜಾಗಕ್ಕೆ ಎತ್ತಿನ ಗಾಡಿಯಲ್ಲಿ ಕೊಂಡೊಯ್ದು ಮೂರು ದಿನ ಕಂಬಕ್ಕೆ ಕಟ್ಟಿದರು. ಬೇವಿನ ಬರ್ಲು, ಮೆಣಸಿನಕಾಯಿ ಹೊಗೆ. ಮೂಢನಂಬಿಕೆಯ ವಿರುದ್ಧ ಭಾಷಣ ಮಾಡ್ತಿದ್ದ ನಾವೂ ಗಾಡಿಯ ಹಿಂದೆ ನಡೆದು ಹೋದವರೇ. ಬೇರೇನು ಮಾಡಬೇಕು ಅಂತ ಗೊತ್ತಿರಲಿಲ್ಲ.

ಅಲ್ಲಿ ಕಟ್ಟಿಸಿಕೊಂಡಿದ್ದ ಹೆಂಗಸರ ಮಾತನ್ನು ಕೇಳಿದ್ದೇವೆ. ಒಬ್ಬಳು ಅತ್ತೆಯನ್ನು ಹೆಸರು ಹಿಡಿದು ಬೈತಿದ್ದಳು. ಇನ್ನೊಬ್ಬಳು ಗಂಡನ ಎದೆಗೆ ಒದೆಯಲು ಹೋಗ್ತಿದ್ದಳು. ಒಬ್ಬಳು ಊರಿನ ದೊಡ್ಡ ಮನುಷ್ಯನ ಹೆಸರು ಹೇಳಿ, ಹೊಲದಲ್ಲಿ ತನಗಾದದ್ದನ್ನು ಎಲ್ಲರೆದುರು ಕೂಗ್ತಿದ್ದಳು. ದೆವ್ವ ಬಂದಾಗ ಮಾತ್ರ ನಮ್ಮ ಹೆಂಗಸರಿಗೆ ಬಾಯಿ ಬರ್ತಿತ್ತು. ಬಾಯಿ ಬಂದದ್ದಕ್ಕೆ ಬರ್ಲು ಬೀಳ್ತಿತ್ತು. ಅಲ್ಲಿದ್ದ ಎಲ್ಲರಿಗೂ ಒಂದೇ ಕಾಯಿಲೆ ಇರಲಿಲ್ಲ. ಕೆಲವರಿಗೆ ಕಾಯಿಲೆಯೇ ಇರಲಿಲ್ಲ, ಹೇಳಿಕೊಳ್ಳಲು ಬೇರೆ ಜಾಗವಿರಲಿಲ್ಲ.

ಅಕ್ಕನನ್ನು ಉಳಿಸಿದ್ದು ನಮ್ಮೂರ ಸ್ಕೂಲಿನ ಮೇಷ್ಟ್ರು. ಹಗ್ಗ ಬಿಚ್ಚಿಸಿದ್ದು ಅವರೇ. "ಇದು ಕಾಯಿಲೆ ಕಣ್ರಯ್ಯ, ಜ್ವರ ಇದ್ದಂಗೆ. ಇದಕ್ಕೆ ಔಷಧಿ ಅದೆ" ಅಂತ ತಮ್ಮ ಸಂಬಳದಲ್ಲಿ ಬಸ್ ಚಾರ್ಜು ಕೊಟ್ಟು ಬೆಂಗಳೂರಿಗೆ ಕರೆದೊಯ್ದರು. ಅಲ್ಲಿ ಮನೆಯವರನ್ನೂ ರೋಗಿಯ ಜೊತೆಗೇ ವಾರ್ಡಿನಲ್ಲಿ ಇರಿಸಿಕೊಂಡರು. ಅವ್ವ ಜೊತೆಗಿದ್ದಳು. ಒಂದೂವರೆ ತಿಂಗಳಿಗೆ ಅಕ್ಕ ಅಕ್ಕನಾಗಿ ವಾಪಸು ಬಂದಳು. ಗಂಡನ ಮನೆಯವರು ಮಾತ್ರ "ಹುಚ್ಚಿ" ಅಂತ ಎರಡು ವರ್ಷ ಸೇರಿಸಲಿಲ್ಲ. ಕಾಯಿಲೆ ವಾಸಿಯಾಗೋಕೆ ಆರು ವಾರ ಹಿಡಿಯಿತು, ಹೆಸರು ಹೋಗೋಕೆ ಎರಡು ವರ್ಷ ಹಿಡಿಯಿತು. ಆ ಸನ್ನಿಯ ಹೊತ್ತಿನ ಕೂಸೇ ಮುಂದೆ ಆಶಾ ಆಗಿ ಅಜ್ಜಿಯನ್ನು ಕೇಳಿದವಳು.

ಬಾಣಂತಿ ಸನ್ನಿ 1000 ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಹೆರಿಗೆಯಾದ ಒಂದೆರಡು ವಾರದೊಳಗೆ ನಿದ್ದೆ ಪೂರ್ತಿ ಹೋಗಿ, ಇಲ್ಲದ್ದು ಕಂಡು, ಇಲ್ಲದ್ದು ಕೇಳಿಸತೊಡಗಿದರೆ ಅದು ತುರ್ತು. ತಾಯಿಗೂ ಅಪಾಯ, ಕೂಸಿಗೂ ಅಪಾಯ. ಚಿಕಿತ್ಸೆ ಸಿಕ್ಕರೆ ವಾಸಿಯಾಗುತ್ತದೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸಬಹುದು, ಅದಕ್ಕೇ ಮೊದಲೇ ಡಾಕ್ಟರಿಗೆ ತಿಳಿಸಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಬೇರೆ ಮಾಡದೆ ಒಟ್ಟಿಗೇ ನೋಡಿಕೊಳ್ಳುವ ವಾರ್ಡು 2009ರಲ್ಲಿ ಶುರುವಾಯಿತು.

ಹಗ್ಗ, ಸರಪಳಿಯ ಗತಿ ಏನಾಗುತ್ತದೆ ಅಂತ ದೇಶ 2001ರಲ್ಲಿ ಕಂಡಿತು. ತಮಿಳುನಾಡಿನ ಏರ್ವಾಡಿಯಲ್ಲಿ, ಆಗಸ್ಟ್ 6ರ ಬೆಳಗಿನ ಜಾವ ಹೊತ್ತಿಕೊಂಡ ಬೆಂಕಿಯಲ್ಲಿ ಸರಪಳಿ ಹಾಕಿಸಿಕೊಂಡಿದ್ದ 28 ಮಂದಿ ಸತ್ತರು. ಓಡೋಕೆ ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಹೀಗೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಕೂಡದು ಅಂದಿದೆ. ಹೇಳುವವರಿಲ್ಲದೆ ಹೋದರೆ ಕಾಯಿದೆ ಕಂಬದ ಹತ್ತಿರಕ್ಕೆ ಹೋಗೋದಿಲ್ಲ.

*

ಅಪ್ಪನನ್ನು ನಾವು ದ್ವೇಷಿಸುತ್ತಿದ್ವಿ. 1976ರಲ್ಲಿ ಜೀತವಿಮುಕ್ತಿ ಕಾಯಿದೆ ಬಂದಮೇಲೆ ಗೌಡರ ಮನೆ ಬಿಟ್ಟು ಕಲ್ಲುಕ್ವಾರಿಗೆ ಸೇರಿದ. ಹಗಲೆಲ್ಲ ಕಲ್ಲು ಕೊರೆಯೋದು, ಒಡೆಯೋದು. ಮೈಯೆಲ್ಲ ಬಿಳೀ ದೂಳು. ಸಂಜೆ ಕಂಟ್ರಾಕ್ಟರನೇ ಸಾರಾಯಿ ಕೊಡಿಸೋನು, ವಾರದ ಬಟವಾಡೆಯಲ್ಲಿ ಹಿಡಿದುಕೊಳ್ಳೋನು. ಕುಡಿದು ಬಂದು ಅವ್ವನಿಗೆ ಹೊಡೆಯೋನು. ಗರ್ಭ ಜಾರಿದ ಹೆಂಗಸಿಗೆ ಒದೀತಿದ್ದ ಅನ್ನೋದನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಅದಕ್ಕೆ ಮಾಫಿ ಇಲ್ಲ. ಅಪ್ಪನ ಕಾಯಿಲೆಯನ್ನು ಬರೆಯೋದು ಅವ್ವನ ಬೆನ್ನ ಮೇಲಿನ ಬರೆಯನ್ನು ಅಳಿಸೋಕಲ್ಲ.

ಸಾರಾಯಿ ವಿರುದ್ಧ ಸಂಘಟನೆ ಚಳವಳಿ ಮಾಡಿದಾಗ ನಾವು ಕೇರಿಯಲ್ಲಿ ಮುಂದೆ ನಿಂತಿದ್ದೆವು. ಒಂದು ದಿನ ಅಪ್ಪನನ್ನು ಬಾಬಾಸಾಹೇಬರ ಫೋಟೊ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ವಿ. ಅಪ್ಪ ಅವತ್ತಿಂದಲೇ ಬಿಟ್ಟ. ಮೂರನೇ ದಿನ ಕೈಕಾಲು ನಡುಕ ಬಂತು, ಬೆವರು ಸುರಿಯಿತು, "ಗೋಡೆ ತುಂಬ ಹುಳ ಹರಿದಾಡ್ತವೆ, ಒರೆಸ್ರೋ" ಅಂತ ಕೂಗಿದ. ನಾಟಕ ಆಡ್ತಾನೆ ಅಂದುಕೊಂಡೆವು. ಪಕ್ಕದ ಮನೆಯವನು ಒಂದು ಪ್ಯಾಕೆಟ್ ತಂದು ಕುಡಿಸಿದ ಮೇಲೆ ಅಪ್ಪ ಸುಮ್ಮನಾದ. "ದ್ರೋಹಿ" ಅಂದೆವು. ಎರಡು ವರ್ಷ ಮಾತು ಬಿಟ್ಟೆವು.

ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಗೇ ಬಿಟ್ಟರೆ ಮೈ ಮತ್ತು ಮೆದುಳು ಹೀಗೆ ಕೆರಳುತ್ತವೆ. ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಆ ಒಂದು ವಾರ ಅವನು ಡಾಕ್ಟರ ಕಣ್ಣೆದುರು ಇರಬೇಕು. ಇದನ್ನು ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆಣೆಯಿಂದ ವಾಸಿಯಾಗುವ ಕಾಯಿಲೆ ಅದಾಗಿದ್ದರೆ ಯಾವತ್ತೋ ಆಗುತ್ತಿತ್ತು.

ಆಮೇಲೆ ಕೆಮ್ಮು. ಟಿ.ಬಿ. ಅಂದರು. ಎರಡು ಸಲ ಪೂರ್ತಿ ಮಾತ್ರೆ ನುಂಗಿದ. ಉಸಿರು ಮಾತ್ರ ಕಡಿಮೆಯಾಗುತ್ತಲೇ ಹೋಯಿತು. 1998ರಲ್ಲಿ ಕೂತಲ್ಲೇ, ಮುಂದಕ್ಕೆ ಬಾಗಿ, ಗಾಳಿಗೆ ಬಾಯಿ ತೆರೆದುಕೊಂಡು ಸತ್ತ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ಆ ರೋಗದ ಹೆಸರು ಸಿಲಿಕೋಸಿಸ್ ಅಂತ, ಅಪ್ಪನಿಗೆ ಇದ್ದದ್ದು ಅದೇ ಇರಬೇಕು ಅಂತ ಒಬ್ಬ ಡಾಕ್ಟರ ಗೆಳೆಯ ಹಳೇ ಎಕ್ಸ್‌ರೇ ನೋಡಿ ಆಮೇಲೆ ಹೇಳಿದ. ವಾಸಿ ಮಾಡುವ ಔಷಧಿ ಅದಕ್ಕಿಲ್ಲ. ಟಿ.ಬಿ.ಗೂ ಅದು ದಾರಿ ಮಾಡಿಕೊಡುತ್ತದೆ. ನೀರು ಹಾಕಿ ದೂಳು ಅಡಗಿಸಿ ಕೊರೆದರೆ, ತಕ್ಕ ಮುಖಗವಸು ಕೊಟ್ಟರೆ ಬಹಳಷ್ಟು ತಡೆಯಬಹುದು. ಕೋಲಾರದ ಚಿನ್ನದ ಗಣಿಯಲ್ಲಿ 1930ರ ದಶಕದಲ್ಲೇ ಈ ರೋಗವನ್ನು ಗುರುತಿಸಿದ್ದರು. ನಮ್ಮ ಕ್ವಾರಿಗೆ ಆ ಸುದ್ದಿ ಅರವತ್ತು ವರ್ಷವಾದರೂ ಬಂದಿರಲಿಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಾಟ್ಲಿ ಬಂತು. ಕುಡಿಯುವ ಕೈ ಅದೇ, ದುಡ್ಡು ಎಣಿಸುವ ಕೈಯೂ ಅದೇ.

*

ಈಗ ನಮ್ಮ ಮಾತು. ಇದು ಇನ್ನೂ ಕಷ್ಟ.

1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ, ಕಾವ್ಯ ಖಡ್ಗವಾಗಬೇಕು, ನೋವುಂಡ ಜನರ ಜೀವದ ಗೆಳೆಯನೂ ಆಗಬೇಕು ಅಂತ ಹಿರಿಯರು ಹೇಳಿದ್ದರು. ನಾವು ಖಡ್ಗವನ್ನು ಹಿಡಿದುಕೊಂಡು ಗೆಳೆತನದ ಪಾಠವನ್ನು ಅರ್ಧಕ್ಕೆ ಬಿಟ್ಟೆವು. ಅಳುವವನು ಹೇಡಿ, ನಿದ್ದೆ ಬರೋಲ್ಲ ಅನ್ನುವವನು ಮಧ್ಯಮವರ್ಗದವನಾದ ಅಂತ ನಗುತ್ತಿದ್ದೆವು.

ನಮ್ಮಲ್ಲೊಬ್ಬನಿಗೆ ನೌಕರಿ ಸಿಕ್ಕಿತು. ಕೇರಿಯಿಂದ ಮೊದಲನೆಯ ಗುಮಾಸ್ತ. ಪಟ್ಟಣದಲ್ಲಿ ಜಾತಿ ಕೇಳಿ ಬಾಡಿಗೆ ಮನೆ ಕೊಡದವರು ಏಳು ಮಂದಿ. ಆಫೀಸಿನಲ್ಲಿ ಅವನು ಮುಟ್ಟಿದ ನೀರಿನ ಲೋಟವನ್ನು ಯಾರೂ ತೊಳೆಯುತ್ತಿರಲಿಲ್ಲ, ಅವನ ಲೋಟವೇ ಬೇರೆಯಾಗಿತ್ತು. ಊರಿಗೆ ಬಂದರೆ ಎಲ್ಲರ ಸಾಲ, ಎಲ್ಲರ ಮದುವೆ ಅವನ ತಲೆ ಮೇಲೆ. ನಿದ್ದೆ ಹೋಯಿತು. ಅನ್ನ ಮಣ್ಣಾಯಿತು. ಸಭೆಯಲ್ಲಿ ಮಾತಾಡುತ್ತಲೇ ಒಳಗೆ ಖಾಲಿ ಖಾಲಿ. 2003ರ ಒಂದು ರಾತ್ರಿ ಸಾಯಬೇಕು ಅಂತ ತೀರ್ಮಾನ ಮಾಡಿದ್ದ. ಅವತ್ತು ಯಾವುದೋ ಕರಪತ್ರದ ಪ್ರೂಫು ತೋರಿಸಲು ಬಂದ ಗೆಳೆಯ ಅವನ ಮುಖ ನೋಡಿ, ಏನೂ ಕೇಳದೆ, ಅಲ್ಲೇ ಚಾಪೆ ಹಾಸಿ ಮಲಗಿಬಿಟ್ಟ. ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದ. ಹದಿನಾಲ್ಕು ತಿಂಗಳು ಮಾತ್ರೆ, ವಾರಕ್ಕೊಮ್ಮೆ ಒಬ್ಬರ ಮುಂದೆ ಕೂತು ಮಾತು. ಬದುಕಿದ್ದಾನೆ. ಆ ಒಬ್ಬ ಯಾರು ಅಂತ ಕೇಳಬೇಡಿ. ಅವನ ಪಕ್ಕದಲ್ಲಿ ನಿಲ್ಲೋಕೆ ಅಂತಲೇ ಇಲ್ಲೆಲ್ಲ "ನಾವು" ಅಂತ ಬರೆದಿದ್ದೇವೆ.

2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಮಂದಿ ಅಂತ ಸರ್ಕಾರದ ಅಪರಾಧ ದಾಖಲೆ ಹೇಳಿತು. ಅವರಲ್ಲಿ 42,004 ಮಂದಿ ದಿನಗೂಲಿಯವರು. ಸತ್ತ ಹತ್ತರಲ್ಲಿ ಏಳು ಮಂದಿ ಗಂಡಸರು. ಗಂಡಸು ಅಳಬಾರದು ಅನ್ನೋ ಮಾತಿಗೆ ಎಷ್ಟು ಹೆಣ ಬಿದ್ದಿವೆ ಅಂತ ಯಾರು ಎಣಿಸಿದ್ದಾರೆ? 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದಾಗ ನಾವೆಲ್ಲ ಬೀದಿಗೆ ಬಂದೆವು. ಬರಲೇಬೇಕಿತ್ತು. ಆದರೆ ನಮ್ಮದೇ ಹಾಸ್ಟೆಲಿನ ಮೂಲೆಯ ರೂಮಿನಲ್ಲಿ ವಾರದಿಂದ ಊಟಕ್ಕೆ ಬರದ ಹುಡುಗನ ಬಾಗಿಲನ್ನು ತಟ್ಟಿದವರೆಷ್ಟು?

ಕೆಲವು ಗೆಳೆಯರು ಹೇಳುತ್ತಾರೆ: ಇದೆಲ್ಲ ವ್ಯವಸ್ಥೆಯ ಕಾಯಿಲೆ, ಮಾತ್ರೆಯಿಂದ ವಾಸಿಯಾಗೋದಲ್ಲ, ವ್ಯವಸ್ಥೆ ಬದಲಾಗಲಿ. ಅರ್ಧ ನಿಜ. ಹನ್ನೊಂದನೇ ದಿನಕ್ಕೆ ಬಾಣಂತಿಯನ್ನು ಗದ್ದೆಗಿಳಿಸಿದ್ದು ಜೀತ. ದೂಳು ತಿನ್ನಿಸಿದ್ದು ಕ್ವಾರಿ. ಲೋಟ ಬೇರೆ ಮಾಡಿದ್ದು ಜಾತಿ. ಭೂಮಿ, ಕೂಲಿ, ಮರ್ಯಾದೆ ಸಿಗದೆ ಬರೀ ಮಾತ್ರೆ ನುಂಗಿಸಿದರೆ ಅದೂ ಒಂದು ಮೋಸವೇ. ಆದರೆ ಉಳಿದರ್ಧ ಏನು? ವ್ಯವಸ್ಥೆ ಬದಲಾಗುವವರೆಗೆ ಅವ್ವ ಬಟ್ಟೆ ಬಿಗಿದುಕೊಂಡೇ ಇರಬೇಕಾ? ಬಾಬಾಸಾಹೇಬರ ಫೋಟೊದಲ್ಲಿ ನಾವು ಕೋಟು, ಕನ್ನಡಕ, ಪುಸ್ತಕ ನೋಡಿದೆವು. ಸಕ್ಕರೆ ಕಾಯಿಲೆ, ಕಾಲಿನ ನರಗಳ ನೋವು, ನಿದ್ದೆಯಿಲ್ಲದ ರಾತ್ರಿಗಳ ನಡುವೆ ಸಂವಿಧಾನದ ಕೆಲಸ ಮಾಡಿದ ಮೈಯನ್ನು ನೋಡಲಿಲ್ಲ. ಅವರು ಔಷಧಿ ತಗೊಂಡರು, 1948ರಲ್ಲಿ ಮದುವೆಯಾದದ್ದು ತಮಗೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ. ಸಾವಿತ್ರಿಬಾಯಿ ಫುಲೆ 1897ರಲ್ಲಿ ತೀರಿಕೊಂಡದ್ದು ಪ್ಲೇಗಿನ ರೋಗಿಗಳನ್ನು ಹೊತ್ತು ತಂದು ಉಪಚಾರ ಮಾಡುತ್ತ, ತಮಗೂ ಪ್ಲೇಗು ತಗುಲಿ. ರೋಗಿಯನ್ನು ನೋಡಿಕೊಳ್ಳೋದು ಚಳವಳಿಯ ಹೊರಗಿನ ಕೆಲಸ ಅಂತ ಅವರು ತಿಳಿದಿರಲಿಲ್ಲ.

ದಾರಿಯೂ ಇಲ್ಲದಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಯನ್ನು ಅಲ್ಲೇ ನೋಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ಸಮೀಕ್ಷೆ ಹೇಳಿದ್ದು, ಬಹುಪಾಲು ಮಾನಸಿಕ ಕಾಯಿಲೆಗಳಲ್ಲಿ 100ಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಅಂತ. ಮಾದರಿ ನಮ್ಮದು, ಮಾತ್ರೆ ಮಾತ್ರ ಕೇರಿಗೆ ಬಂದಿಲ್ಲ. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಬೇಕು, ಮನಸ್ಸಿನ ಮಾತ್ರೆ ತಾಲ್ಲೂಕಿನಲ್ಲಿ ಸಿಗಬೇಕು, ಕ್ವಾರಿಯವರಿಗೆ ಎದೆಯ ಎಕ್ಸ್‌ರೇ ಆಗಬೇಕು ಅನ್ನೋದು ಬಗರ್‌ಹುಕುಂ ಸಾಗುವಳಿ ಚೀಟಿಯಷ್ಟೇ ದೊಡ್ಡ ಬೇಡಿಕೆ. ಮನವಿ ಪತ್ರದಲ್ಲಿ ಅದೂ ಬರಲಿ.

ಅಲ್ಲಿಯವರೆಗೆ ಮೇಷ್ಟ್ರುಗಳೇ, ನಮ್ಮಕ್ಕನ ಹಗ್ಗ ಬಿಚ್ಚಿಸಿದ್ದು ನಿಮ್ಮಂಥವರೊಬ್ಬರು, ಅದನ್ನು ಮರೆಯಬೇಡಿ. ವಿದ್ಯಾರ್ಥಿ ಗೆಳೆಯರೇ, ಮೂಲೆ ರೂಮಿನ ಬಾಗಿಲು ತಟ್ಟಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಯಾರೂ ಅದರಿಂದ ಸಾಯೋದಿಲ್ಲ. ಎಷ್ಟೋ ಸಲ ಕೇಳಿದ್ದರಿಂದಲೇ ಉಳಿಯುತ್ತಾರೆ. ಪೊಲೀಸ್ ಕೇಸಿನ ಭಯ ಬೇಡ: 2017ರ ಕಾಯಿದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೂಡದು, ಆರೈಕೆ ಕೊಡಬೇಕು ಅನ್ನುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿಮಾನಸ್ ಫೋನು, 14416, ಕನ್ನಡದಲ್ಲೂ ಮಾತಾಡುತ್ತದೆ, ದುಡ್ಡಿಲ್ಲ. ಕೇರಿಯ ಭವನದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿ. ಸಂಘಟನೆಯ ಗೆಳೆಯರೇ, ಸಭೆ ಶುರುವಾಗುವ ಮುಂಚೆ ಕ್ಷೇಮ ಕೇಳಿ. ಗಂಡಸರು ಮನೆಗೆ ಹೋಗಿ ಹೆಂಡತಿಯ, ಅವ್ವನ ಮೈ ಹೇಗಿದೆ ಅಂತ ಕೇಳಿ. ತಕ್ಷಣ ಹೇಳೋದಿಲ್ಲ. ನಲವತ್ತು ವರ್ಷ ಕೇಳದವರು ಒಂದು ದಿನ ಕೇಳಿದರೆ ಯಾರು ಹೇಳುತ್ತಾರೆ? ಮತ್ತೆ ಕೇಳಿ.

2012ರ ಏಪ್ರಿಲ್ 14ರಂದು ಕೇರಿಯಿಂದ ಮೆರವಣಿಗೆ ಹೊರಟಿತು. ಅವ್ವನಿಗೆ ಆಗ ಅರವತ್ತೈದರ ಹತ್ತಿರ. ಮುಂದೇನೂ ನಡೆಯಲಿಲ್ಲ, ಎಲ್ಲರ ನಡುವೆ ನಡೆದಳು. ಸರ್ಕಲ್ಲಿನಲ್ಲಿ ಭಾಷಣ ಶುರುವಾದಾಗ ಎಲ್ಲ ಹೆಂಗಸರ ಜೊತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೈಕಿನ ಹತ್ತಿರ ನಿಂತಿದ್ದ ನಮಗೆ ಅದು ಕಂಡಿತು. ಮಾತು ಬರಲಿಲ್ಲ.

ಆ ಜಾಥಾದ ದಿನ ಗದರಿದ್ದಕ್ಕೆ ಅವ್ವನ ಹತ್ತಿರ ನಾವು ತಪ್ಪಾಯ್ತು ಅನ್ನಲೇ ಇಲ್ಲ. ಇಲ್ಲಿ ಅನ್ನುತ್ತಿದ್ದೇವೆ. ನಿಮ್ಮ ಮುಂದಿನ ಜಾಥಾದಲ್ಲಿ ಯಾರಾದರೂ ಮರದ ನೆಳ್ಳಲ್ಲಿ ನಿಂತರೆ ಗದರಬೇಡಿ. ಬಾವುಟವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಿಂದಕ್ಕೆ ಹೋಗಿ, ಯಾಕೆ ನಿಂತೆ ಅಂತ ಕೇಳಿ.